ಸೊನ್ನಲಿಗೆಯ ಲಿಂಗಗಳೂ ಸೊಲ್ಲಾಪುರದ ನಾಲ್ಕು ಪ್ರತಿಮೆಗಳೂ

ಒಂದು ಊರು ತನ್ನ ಹಿರಿಯರನ್ನು ಮರೆಯದಿರಬೇಕಾದರೆ ಕಲ್ಲು ನಿಲ್ಲಿಸಿದರೆ ಸಾಕೆ? ಗಡಿನಾಡಿನ ಅಧ್ಯಾಪಕರಾದ ನಮಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಸೊಲ್ಲಾಪುರದ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡುವುದು ಉಚಿತವಾಗಿದೆ.

ಸೊಲ್ಲಾಪುರವು ನಮ್ಮ ಪ್ರಾಚೀನರ ಸೊನ್ನಲಿಗೆ. ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ವಚನಗಳನ್ನು ರಚಿಸಿದ ಸಿದ್ಧರಾಮನು 12ನೆಯ ಶತಮಾನದಲ್ಲಿ ಇಲ್ಲಿ ಕೆರೆಯನ್ನು ಕಟ್ಟಿಸಿದನು. ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದನೆಂದು ಸಂಪ್ರದಾಯ. ಕವಿ ರಾಘವಾಂಕನು ಆತನ ಚರಿತ್ರೆಯನ್ನು ಕಾವ್ಯವಾಗಿ ಬರೆದನು. ಅಂದಿನ ಊರು ಇಂದು ಉಳಿದಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಟ್ಟೆಯ ಗಿರಣಿಗಳು ಎದ್ದವು. ನಾಲ್ಕೂ ದಿಕ್ಕಿನಿಂದ ಕೂಲಿಕಾರರೂ ನೇಕಾರರೂ ಬಂದು ನೆಲೆಸಿದರು. ಮುಂದೆ ಆ ದೊಡ್ಡ ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ಬೆಳೆದ ಪಟ್ಟಣದ ಮನೆ, ಅಂಗಡಿ, ರಸ್ತೆಗಳ ನಡುವೆ ಹಲವು ಲಿಂಗಗಳು ಸೇರಿಹೋದವು.

ಆದರೂ ಅವು ಮರೆತುಹೋಗಲಿಲ್ಲ. ಪ್ರತಿವರ್ಷ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳನ್ನು ಹೊತ್ತು ಜನರು ಆ 68 ಲಿಂಗಗಳ ದಾರಿಯನ್ನು ನಡೆಯುತ್ತಾರೆ. ಅಂದಿನ ತೈಲಾಭಿಷೇಕಕ್ಕೆ ಮರಾಠಿ ಪತ್ರಿಕೆಗಳಲ್ಲಿ ಸಹ ‘ಯಣ್ಣಿಮಜ್ಜನ’ವೆಂದೇ ಹೆಸರು. ಇದು ನಮ್ಮ ‘ಎಣ್ಣೆ ಮಜ್ಜನ’ವಲ್ಲದೆ ಬೇರೆಯಲ್ಲ. ಮರುದಿನ ಅಕ್ಷತೆ ಬೀಳುವ ಸ್ಥಳ ‘ಸಮ್ಮತಿ ಕಟ್ಟೆ’. ಕಡೆಗೆ ಧ್ವಜಗಳ ವಸ್ತ್ರ ಕಳಚುವ ವಿಧಿ ‘ಕಪ್ಪಡಕಳಿ’. ಗೋಡೆಯ ಫಲಕಗಳಲ್ಲಿ ಕನ್ನಡ ವಿರಳವಾದ ಊರಿನಲ್ಲಿ ಅದು ಜಾತ್ರೆಯ ದಾರಿಯಲ್ಲಿ ಉಳಿದಿದೆ. ಆದರೆ ಈ ಮಾತುಗಳನ್ನು ಉಚ್ಚರಿಸುವ ಎಳೆಯರಲ್ಲಿ ಎಷ್ಟು ಮಂದಿಗೆ ಅವುಗಳ ಅರ್ಥ ತಿಳಿದಿದೆ?

ಇದೇ ಊರಿನ ಮತ್ತೊಂದು ಸ್ಮರಣೆ 1930ರದು. ಮೇ ತಿಂಗಳ ಆರಂಭದಲ್ಲಿ ಗಾಂಧೀಜಿಯವರ ಬಂಧನವಾದಾಗ ಸೊಲ್ಲಾಪುರ ಸಿಡಿದೆದ್ದಿತು. ಮೇ 8ರಂದು ಗೋಲೀಬಾರು ನಡೆಯಿತು. ಕೆಲವು ದಿನ ಆಂಗ್ಲರ ಆಡಳಿತವೇ ಊರಲ್ಲಿ ಸಾಗದಂತಾಯಿತು. 12ರಂದು ಲಷ್ಕರಿ ಕಾಯದೆ ಜಾರಿಯಾಯಿತು. ಆ ಗಲಭೆಯಲ್ಲಿ ಪೋಲೀಸರ ಕೊಲೆಯಾದ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಲಿಂಗಾಯತ, ಮಾರವಾಡಿ, ಮರಾಠಾ, ಮುಸಲ್ಮಾನ—ಊರಿನ ಬದುಕೇ ಆ ನಾಲ್ವರಲ್ಲಿ ಕೂಡಿತ್ತು. ಅವರ ಪ್ರತಿಮೆಗಳು ಪಾರ್ಕ್ ಚೌಕದಲ್ಲಿ ನಿಂತಿವೆ. ಜನರು ಆ ಸ್ಥಳವನ್ನು ‘ಚಾರ್ ಪುತಳಾ’, ಎಂದರೆ ನಾಲ್ಕು ಪ್ರತಿಮೆ, ಎಂದು ಕರೆಯುತ್ತಾರೆ. ಎಣಿಕೆ ಉಳಿಯಿತು; ಹೆಸರುಗಳು ಬಾಯಿಂದ ಜಾರುತ್ತಿವೆ.

ಹುತಾತ್ಮರ ದಿನವೂ ಜಾತ್ರೆಯೂ ಜನವರಿಯ ಅದೇ ವಾರದಲ್ಲಿ ಬರುವುದು ಗಮನಾರ್ಹ. ಎರಡನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಜಾತ್ರೆಯಲ್ಲಿ ನಡೆ ಇದೆ, ಮಾತಿದೆ. ಮಾತಿನ ಅರ್ಥ ಮಸುಕಾಗಿದೆ. ಚೌಕದಲ್ಲಿ ರೂಪವಿದೆ, ಅದನ್ನು ಹೆಸರಿಟ್ಟು ಕರೆಯುವ ಮಾತು ಕ್ಷೀಣಿಸಿದೆ. ಕಲ್ಲಿಗೂ ಆಚಾರಕ್ಕೂ ತಮ್ಮ ಕಥೆಯನ್ನು ತಾವೇ ಹೇಳುವ ಶಕ್ತಿಯಿಲ್ಲ. ಹೇಳುವವರೊಬ್ಬರು ಬೇಕು.

ಆ ಕೆಲಸ ಅಧ್ಯಾಪಕರದಲ್ಲದೆ ಇನ್ನಾರದು? ಜನವರಿಯ ಆ ವಾರದಲ್ಲಿ ನಮ್ಮ ಕನ್ನಡ ಶಾಲೆಗಳ ಮಕ್ಕಳನ್ನು ಚೌಕಕ್ಕೂ ಸಮ್ಮತಿ ಕಟ್ಟೆಗೂ ಕರೆದೊಯ್ಯೋಣ. ನಾಲ್ಕು ಹೆಸರುಗಳನ್ನೂ ಬಾಯಿಪಾಠ ಮಾಡಿಸೋಣ. ‘ಎಣ್ಣೆ ಮಜ್ಜನ’ದ ಅರ್ಥವನ್ನು ಬಿಡಿಸಿ ಹೇಳೋಣ. ಮರಾಠಿ ಶಾಲೆಗಳ ಮಕ್ಕಳೂ ಜತೆಗೆ ಬಂದರೆ ಇನ್ನೂ ಒಳಿತು; ಈ ಊರು ಅವರದೂ ಹೌದು. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ, ಹಣವೂ ಬೇಕಿಲ್ಲ. ಅರ್ಧ ದಿನದ ನಡಿಗೆ ಸಾಕು.