ಲಕ್ಷ್ಯಭೀತಿ ಮತ್ತು ಹುಲ್ಲಿನ ಸಿಂಬೆ

ಧನುರ್ವಿದ್ಯೆಯಲ್ಲಿ ಬಹುಕಾಲ ಪಳಗಿದವನನ್ನೂ ಬಿಡದೆ ಪೀಡಿಸುವ ವಿಚಿತ್ರ ವ್ಯಾಧಿಯೊಂದುಂಟು: ಹೆದೆಯನ್ನು ಪೂರ್ಣವಾಗಿ ಸೆಳೆದು ನಿಲ್ಲುವ ಮುನ್ನವೇ, ಲಕ್ಷ್ಯವು ಕಣ್ಣಿಗೆ ಬಿದ್ದೊಡನೆ, ಕೈಯು ಇಚ್ಛೆಯನ್ನು ಮೀರಿ ಬಾಣವನ್ನು ಬಿಟ್ಟುಬಿಡುತ್ತದೆ. ಜಪಾನಿನ ಬಿಲ್ಗಾರರು ಇದನ್ನು ‘ಹಯಾಕೆ’ ಎಂದು ಕರೆದರು.

ಆ ದೇಶದಲ್ಲಿ ಬಾಣಗಳ ಎಣಿಕೆಯೇ ಕೀರ್ತಿಗೆ ಪ್ರಮಾಣವಾಗಿದ್ದ ಕಾಲವೂ ಇದ್ದಿತು. ಕ್ಯೋಟೋ ನಗರದ ಸಂಜೂಸಂಗೆಂದೋ ದೇವಾಲಯದ ಸುಮಾರು 120 ಮೀಟರ್ ಉದ್ದದ ಜಗಲಿಯಲ್ಲಿ, 1686ರಲ್ಲಿ, ವಾಸಾ ದೈಹಾಚಿರೋ ಎಂಬ ತರುಣನು ಒಂದು ಅಹೋರಾತ್ರದೊಳಗೆ 13,053 ಬಾಣಗಳನ್ನೆಸೆದು, ಅವುಗಳಲ್ಲಿ 8,133ನ್ನು ಕೊನೆ ಮುಟ್ಟಿಸಿದನೆಂದು ದಾಖಲೆಯಿದೆ. ಆದರೆ ಯುದ್ಧದಲ್ಲಿ ಬಿಲ್ಲಿನ ಪ್ರಯೋಜನವು ಕ್ಷೀಣಿಸಿದಂತೆಲ್ಲ, ಆ ವಿದ್ಯೆಯು ಕ್ರಮೇಣ ದೇಹ ಮನಸ್ಸುಗಳ ಸಂಸ್ಕಾರವಾಗಿ ಪರಿಣಮಿಸಿತು.

ಹಯಾಕೆ ಎಂಬ ಆ ವ್ಯಾಧಿಗೆ ಜಪಾನಿನ ಬಿಲ್ಗಾರರು ಕಂಡ ಚಿಕಿತ್ಸೆ ಸರಳವಾದುದು. ಬಿಗಿದು ಕಟ್ಟಿದ ಹುಲ್ಲಿನ ಸಿಂಬೆಯಾದ ‘ಮಾಕಿವಾರಾ’ದೆದುರು, ಬಿಲ್ಲಿನುದ್ದದಷ್ಟೇ ದೂರದಲ್ಲಿ ನಿಂತು, ತಪ್ಪುವ ಭಯವಾಗಲಿ ತಾಗುವ ಆಸೆಯಾಗಲಿ ಇಲ್ಲದೆ, ಸೆಳೆತವನ್ನೂ ಉಸಿರನ್ನೂ ಮಾತ್ರ ಅಭ್ಯಸಿಸುವುದು. 1924ರಲ್ಲಿ ಜಪಾನಿನ ಸೆಂದಾಯಿ ನಗರಕ್ಕೆ ತತ್ತ್ವಶಾಸ್ತ್ರದ ಅಧ್ಯಾಪಕನಾಗಿ ಬಂದ ಜರ್ಮನಿಯ ಓಯ್ಗೆನ್ ಹೆರಿಗೆಲ್, ಗುರು ಆವಾ ಕೆಂಜೋರವರಲ್ಲಿ ವರ್ಷಗಟ್ಟಲೆ ಈ ಹುಲ್ಲಿಗೇ ಬಾಣ ಬಿಟ್ಟನು. ಬಾಣವನ್ನು ಬಿಡಲು ಕೈಚಳಕದ ಉಪಾಯವೊಂದನ್ನು ಹೂಡಿದಾಗ ಗುರುಗಳ ಕೋಪಕ್ಕೂ ಪಾತ್ರನಾದನು. ಆ ಅನುಭವವನ್ನು ಅವನು 1948ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು.

ಇಂದಿನ ಕ್ರೀಡಾ ಬಿಲ್ಗಾರರೂ ಇದೇ ವ್ಯಾಧಿಗಾಗಿ ಗುರುತಿಲ್ಲದ ಗುರಿಹಲಗೆಯ ಸಮೀಪ ನಿಂತು ಅಭ್ಯಾಸವನ್ನು ಮೊದಲಿನಿಂದ ಆರಂಭಿಸುತ್ತಾರೆ. ಲಕ್ಷ್ಯವನ್ನು ಕೆಲಕಾಲ ತ್ಯಜಿಸಬಲ್ಲವನಿಗೇ ಲಕ್ಷ್ಯಸಿದ್ಧಿಯೆಂಬುದು ಈ ಇತಿಹಾಸದ ನಿರ್ಣಯ.