ಹುಲ್ಲುಗಾವಲು ಬಂಜರಲ್ಲ: ಹಕ್ಕಿಗೂ ಬೇಕು, ಕುರಿಗೂ ಬೇಕು

ಸೆಟ್ಟೂರು: ಮಳೆಗಾಲದಲ್ಲಿ ಹಸಿರಾಗಿ ಉಳಿದ ದಿನಗಳಲ್ಲಿ ಒಣಗಿ ನಿಲ್ಲುವ ಬಯಲನ್ನು ಸರ್ಕಾರಿ ಲೆಕ್ಕದಲ್ಲಿ ಬಹುತೇಕ 'ಬಂಜರು' ಎಂದೇ ಬರೆಯಲಾಗುತ್ತದೆ. ಆದರೆ ಕುರಿ, ಮೇಕೆ, ದನ ಸಾಕುವ ಗಡಿ ಹಳ್ಳಿಗಳಿಗೆ ಇದೇ ಮೇವಿನ ಕಣಜ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಅನಂತಪುರ ಸೀಮೆಯಲ್ಲಿ ಮರಕ್ಕಿಂತ ಹುಲ್ಲಿಗೇ ಈ ಮಣ್ಣು ಹೊಂದುತ್ತದೆ.

ಕಾವಲಿನ ಹಳೆಯ ಲೆಕ್ಕ
ಮೈಸೂರು ಅರಸರ 'ಬೆಣ್ಣೆ ಚಾವಡಿ'ಯ ದನಗಳಿಗೆ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಬಂತು. ಅವುಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆ, ಮಳೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳಿದ್ದವು. ದನ ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಬೀಜ ಕಟ್ಟಿ ಚೇತರಿಸಿಕೊಳ್ಳುತ್ತಿತ್ತು.

ಹಕ್ಕಿಗಳ ನೆಲೆ
ನೆಲಗುಬ್ಬಿ, ಗೌಜಲಹಕ್ಕಿ ನೆಲದಲ್ಲೇ ಮೊಟ್ಟೆ ಇಡುತ್ತವೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಸೆಳೆವಗಳು ಬಂದು ಮಿಡತೆ, ಇಲಿ ಹಿಡಿಯುತ್ತವೆ. ತೆಲುಗಿನಲ್ಲಿ ಬಟ್ಟಮೇಕ ಪಿಟ್ಟ, ಕನ್ನಡದಲ್ಲಿ ಎರೆಭೂತ ಎನ್ನುವ ದೊಡ್ಡ ಹಕ್ಕಿ ಈಗ ದೇಶದಲ್ಲೇ 150ರ ಆಸುಪಾಸಿಗೆ ಇಳಿದಿದೆ. ಇದಕ್ಕಾಗಿಯೇ 1988ರಲ್ಲಿ ಕರ್ನೂಲು ಕಡೆಯ ರೋಳ್ಳಪಾಡು ಅಭಯಾರಣ್ಯ ಘೋಷಣೆಯಾಯಿತು.

ಕಳೆದದ್ದು, ಉಳಿದದ್ದು
ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆ ಕಾವಲು ರಕ್ಷಣೆ, ವಿಜ್ಞಾನ ಮುಂತಾದ ಸಂಸ್ಥೆಗಳ ಪಾಲಾಯಿತು. ಡಿಆರ್‌ಡಿಒ ಒಂದಕ್ಕೇ 4,290 ಎಕರೆ ಹೋಯಿತು. ಕುರಿ ಸಾಕಣೆ, ಕಂಬಳಿ ನೇಯ್ಗೆ ನಂಬಿದ ಹಳ್ಳಿಗರು ಮೇವಿಗಾಗಿ ಹೋರಾಡಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರೂ 2014ರ ತೀರ್ಪು ಯೋಜನೆಗಳನ್ನು ತಡೆಯಲಿಲ್ಲ.

ಇನ್ನೊಂದೆಡೆ, ಹಿಂದೂಪುರಕ್ಕೆ ಹತ್ತಿರದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲಿಗೂ 2011ರಲ್ಲಿ ಇಂಥದೇ ರಕ್ಷಣೆ ಸಿಕ್ಕಿತು.

ಹಳ್ಳಿ ಮಾಡಬಹುದಾದದ್ದು
* ಗೋಮಾಳವನ್ನು ಮೂರ್ನಾಲ್ಕು ಭಾಗ ಮಾಡಿ ಸರದಿಯಂತೆ ಮೇಯಿಸುವುದು. ಮಳೆಗಾಲದಲ್ಲಿ ಒಂದು ಭಾಗವನ್ನಾದರೂ ಮುಚ್ಚಿಡುವುದು. ಹುಲ್ಲಿಗೂ ಮೊಟ್ಟೆಗೂ ಅದೇ ರಕ್ಷೆ.
* ಬೀಜ ಉದುರಿದ ಮೇಲೆಯೇ ಹುಲ್ಲು ಕೊಯ್ದು ಬಣವೆ ಹಾಕುವುದು.
* ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳುವುದು. ಹುಲ್ಲು ಬಯಲಲ್ಲಿ ನೀಲಗಿರಿ ನೆಡದಿರುವುದು.
* ಹುಲ್ಲಿಗೆ ಬೆಂಕಿ ಇಡದಿರುವುದು, ಬೀದಿನಾಯಿಗಳನ್ನು ಬಯಲಿನಿಂದ ದೂರವಿಡುವುದು.
* ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ, ಗಡಿಗಳನ್ನು ದಾಖಲೆಯಲ್ಲಿ ನೋಡಿಟ್ಟುಕೊಂಡು ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಜಮೀನು ಹಂಚಿಕೆಯಾದ ಮೇಲೆ ಅದನ್ನು ಹಿಂದೆ ಪಡೆಯುವುದು ಎಷ್ಟು ಕಷ್ಟ ಎಂಬುದನ್ನು ಚಳ್ಳಕೆರೆ ತೋರಿಸಿಕೊಟ್ಟಿದೆ.