ತಲೆಕೆಳಗಾದ ರೆಕ್ಕೆ: ಮಿಲಾನ್‌ನಿಂದ ಚಳ್ಳಕೆರೆ ಕಾವಲಿನವರೆಗೆ

ಎಫ್‌1 ನೋಡುವ ಮೊಳಕಾಲ್ಮೂರಿನ ಹುಡುಗರು ನನ್ನನ್ನು ಆಗಾಗ ಕೇಳ್ತಾರೆ: ರೇಸ್ ಕಾರಿಗೆ ರೆಕ್ಕೆ ಯಾಕೆ, ಅದೇನು ಹಾರುತ್ತಾ? ಹಾರಬಾರದು ಅಂತಲೇ ರೆಕ್ಕೆ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಕೂರಿಸಿದರೆ ಗಾಳಿ ಕಾರನ್ನು ರಸ್ತೆಗೆ ಒತ್ತಿ ಹಿಡಿಯುತ್ತೆ, ತಿರುವಿನಲ್ಲಿ ಟೈರಿಗೆ ಹಿಡಿತ ಸಿಗುತ್ತೆ. 1968ರ ಬೆಲ್ಜಿಯಂ ರೇಸಿನಲ್ಲಿ ಫೆರಾರಿಯ ಎಂಜಿನಿಯರ್ ಮೌರೊ ಫೋರ್ಗಿಯೇರಿ ಇಂಥದ್ದೊಂದು ರೆಕ್ಕೆ ಹಚ್ಚಿದರು. ಅಲ್ಲಿಗೆ ಬ್ರಾಬಮ್ ತಂಡವೂ ರೆಕ್ಕೆಯೊಂದಿಗೇ ಬಂದಿತ್ತು. ಮೊದಲು ಯಾರು ಅನ್ನೋ ಜಗಳ ಅಭಿಮಾನಿಗಳಿಗೆ ಬಿಡೋಣ.

ಇಟಲಿಯ ರೇಸ್ ಕಾರಿಗೆ ವಿಮಾನದ ನಂಟು ಇನ್ನೂ ಹಳೆಯದು. ಉಗೊ ಝಗಾಟೊ ವಿಮಾನ ಕಾರ್ಖಾನೆಯಲ್ಲಿ ಪಳಗಿ, 1919ರಲ್ಲಿ ಮಿಲಾನ್‌ನಲ್ಲಿ ಕಾರಿನ ಬಾಡಿ ಕಟ್ಟಲು ಶುರು ಮಾಡಿದರು. ಹಗುರಾದ ಲೋಹದ ತಗಡಿನ ಬಾಡಿ. ಅವರ ಬಾಡಿಯಿದ್ದ ಆಲ್ಫಾ ರೊಮಿಯೊ 1928ರ ಮಿಲ್ಲೆ ಮಿಲ್ಯ ಗೆದ್ದಿತು. ಸುಮಾರು 1,600 ಕಿ.ಮೀ.ನ ಆ ರೇಸು ಓಡುತ್ತಿದ್ದದ್ದು ಜನ ಓಡಾಡುವ ರಸ್ತೆಯಲ್ಲೇ. 1957ರಲ್ಲಿ ಫೆರಾರಿಯೊಂದರ ಟೈರು ಸಿಡಿದು, ರಸ್ತೆ ಬದಿ ನಿಂತಿದ್ದ ಒಂಬತ್ತು ಜನ ಸತ್ತರು. ಅವರಲ್ಲಿ ಐವರು ಮಕ್ಕಳು. ರಸ್ತೆಯ ಮೇಲಿನ ಆ ಪೈಪೋಟಿ ಅಲ್ಲಿಗೆ ನಿಂತಿತು. ವೇಗ ಒಬ್ಬರದು, ಜಾಗ ಇನ್ನೊಬ್ಬರದು.

ಈ ಜಾಗದ ಪ್ರಶ್ನೆ ನಮ್ಮಲ್ಲೂ ಇದೆ. 2024ರ ಜೂನ್ 23ರಂದು ಇಸ್ರೊದ ‘ಪುಷ್ಪಕ್’ ಚಳ್ಳಕೆರೆಯ ರನ್‌ವೇಗೆ ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ಇಳಿಯಿತು. ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟಿದ್ದು, ಎಂಜಿನ್ ಇಲ್ಲ, ಪೈಲಟ್ ಇಲ್ಲ. ಅದರ ಮೋಟು ರೆಕ್ಕೆಗೆ ಎತ್ತುವ ಬಲ ಕಮ್ಮಿ, ಅದಕ್ಕೇ ಅಷ್ಟು ವೇಗ. ನೆಲ ಮುಟ್ಟಿದ ಮೇಲೆ ಪ್ಯಾರಾಚೂಟ್ ಬಿಚ್ಚಿ ವೇಗವನ್ನು ನೂರರ ಹತ್ತಿರಕ್ಕೆ ತಂದರು. ನಿಜಕ್ಕೂ ಹೆಮ್ಮೆಯ ಕೆಲಸ.

ಆದರೆ ಇಲ್ಲಿನ ನೆಲ ಅಮೃತ ಮಹಲ್ ಕಾವಲು. ಮೈಸೂರು ಒಡೆಯರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಇಟ್ಟ ಹೆಸರು ಅಮೃತ ಮಹಲ್. ಸೈನ್ಯದ ಸಾಮಾನು, ಫಿರಂಗಿ ಎಳೆಯಲು ಬೇಕಾದ ಚುರುಕು ಎತ್ತುಗಳ ತಳಿ ಅದು. ವೇಗಕ್ಕೆಂದೇ ರೂಪಿಸಿದ್ದು ಅಂದ್ರೆ ನಮ್ಮಲ್ಲಿ ಇದೇ, ಝಗಾಟೊಗಿಂತ ಬಹಳ ಮೊದಲೇ.

ಈ ಕಾವಲಿನಲ್ಲಿ ಡಿಆರ್‌ಡಿಒಗೆ 4,290, ಬಾರ್ಕ್‌ಗೆ 1,810, ಐಐಎಸ್‌ಸಿಗೆ 1,500, ಇಸ್ರೊಗೆ 573 ಎಕರೆ ಕೊಟ್ಟರು. ವಿಷಯ ಹಸಿರು ನ್ಯಾಯಮಂಡಳಿ ಮೆಟ್ಟಿಲೇರಿತು, ಯೋಜನೆಗಳು ಉಳಿದವು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳಲ್ಲಿ ಮ್ಯಾಸ ನಾಯಕರ ದೇವರ ಎತ್ತುಗಳಿವೆ. ಅವನ್ನು ಮೇಯಿಸೋ ಕಿಲಾರಿಗಳು ಬೇಸಿಗೆ ಬಂದರೆ ಈಗಲೂ ಮೇವಿಗೆ ಕೈಚಾಚಬೇಕು.